ಮೂರನೇ ಮಹಡಿಯ ನೆಲಮಾಳಿಗೆ

ನನ್ನ ಬೆನ್ನ ಹಿಂದೆ ವರಾಂಡದ ಕಟಕಟೆ ಕರಕರ ಎಂದಿತು.

ನೂರು ವರ್ಷದ ಹಳೆಯ ಮರ. ಒಳಗೆಲ್ಲ ಲಡ್ಡು ಹಿಡಿದಿದೆ, ಮೇಲೆ ಮಾತ್ರ ಬಣ್ಣ. ಅದರಾಚೆ ಬರೀ ಗಾಳಿ. ಮೂರು ಮಹಡಿಯ ಕೆಳಗೆ ಮಾರ್ಚ್ ತಿಂಗಳ ಕೊಳಕು ಹಿಮ.

ನನ್ನ ಕೋಟಿನ ಕಾಲರ್ ಕೋಲ್ಬಿಯ ಮುಷ್ಟಿಯಲ್ಲಿತ್ತು.

"ಕೊನೇ ಸಲ ಕೇಳ್ತಿದ್ದೀನಿ ಮುದುಕಿ. ನಿನ್ನನ್ನ ಇಲ್ಲಿಗೆ ಕರೆದಿದ್ದು ಯಾರು?"

"ನಿನ್ನ ಮಾವನ ಬಾಡಿಗೆದಾರಳು. ಬಾಗಿಲು ತೆಗೆದವಳೂ ಅವಳೇ, ಕಾಫಿ ಕೊಟ್ಟವಳೂ ಅವಳೇ. ನೀನೂ ಏನಾದ್ರೂ ಕೊಡ್ತೀಯಾ, ಇಲ್ಲಾ ಬರೀ ಕಾಲರ್ ಹಿಡೀತೀಯಾ?"

ಅವನು ಇನ್ನೊಂದಿಷ್ಟು ಹಿಂದಕ್ಕೆ ತಳ್ಳಿದ. ಒಂದು ಮೊಳೆ ಕಿತ್ತು ಬಂದ ಸದ್ದು ಕೇಳಿಸಿತು...

ನನಗೆ ಅರವತ್ತೊಂದು. ಅವನಿಗೆ ಇಪ್ಪತ್ತೆಂಟಿರಬಹುದು. ತೂಕದಲ್ಲಿ ನನ್ನಂಥವರು ಇಬ್ಬರು. ಬಲದ ಲೆಕ್ಕದಲ್ಲಿ ನಾನು ಆಗಲೇ ಸೋತಿದ್ದೆ.

ಅರ್ಧ ನಿಮಿಷದ ಹಿಂದಷ್ಟೇ ಅವನು ನನ್ನ ಯಂತ್ರವನ್ನು ಕಿತ್ತುಕೊಂಡು ಕೆಳಗೆಸೆದಿದ್ದ. ಪಿಸ್ತೂಲಿನ ಆಕಾರದ ಯಂತ್ರ ಅದು. ಗೋಡೆಗೆ ಒತ್ತಿ ಟ್ರಿಗರ್ ಎಳೆದರೆ, ಹತ್ತು ಪದರ ಬಣ್ಣದ ಅಡಿಯಲ್ಲಿ ಎಷ್ಟು ಸೀಸ ಅಡಗಿದೆ ಎಂದು ಹೇಳುತ್ತದೆ. ನನ್ನ ಕಸುಬೇ ಅದು. ಹಳೆಯ ಮನೆ ಬಾಡಿಗೆಗೆ ಹೋಗುವಾಗ, ಮಾರಾಟವಾಗುವಾಗ, ಒಳಗೆ ಸೀಸದ ಬಣ್ಣ ಇದೆಯೋ ಇಲ್ಲವೋ ನೋಡಿ ರುಜು ಹಾಕುವುದು.

"ಕೋಲ್ಬಿ," ಎಂದೆ, "ನೀನು ಎಸೆದೆಯಲ್ಲ, ಅದರ ಮೇಲಿದ್ದ ಹಳದಿ ಚೀಟಿ ನೋಡಿದ್ಯಾ? ಮೂರು ರೆಕ್ಕೆಯ ಗುರುತು?"

"ಏನದು?"

"ವಿಕಿರಣ. ಒಳಗೊಂದು ಕೋಬಾಲ್ಟ್ ಚೂರಿದೆ. ಎಲ್ಲಿ ಬಿತ್ತು ಅಂತ ಸ್ವಲ್ಪ ನೋಡಪ್ಪ... ನಿನ್ನ ಪಿಕಪ್ ಹಿಂದೆ ಅಲ್ಲ ತಾನೇ?"

ಸುಳ್ಳಲ್ಲ. ಚೂರು ಇದ್ದದ್ದು ನಿಜ. ಅದು ಗಟ್ಟಿ ಕವಚದೊಳಗೆ ಭದ್ರವಾಗಿದೆ ಎಂದು ನಾನು ಹೇಳಲಿಲ್ಲ. ಅವನೂ ಕೇಳಲಿಲ್ಲ.

ಅವನು ಕೆಳಗೆ ಬಗ್ಗಿ ನೋಡಿದ. ಮುಷ್ಟಿ ಸಡಿಲವಾಯಿತು.

ನನ್ನ ಬೂಟಿನ ಮೂತಿಗೆ ಉಕ್ಕಿನ ತಗಡಿದೆ. ಅದನ್ನು ಅವನ ಮೊಣಕಾಲಿನ ಕೆಳಗೆ ಇಟ್ಟೆ!

ಅವನು ಕುಂಟುತ್ತ ಅರಚುವಷ್ಟರಲ್ಲಿ ನಾನು ಅಡುಗೆಮನೆಯೊಳಗೆ ನುಗ್ಗಿ ಚಿಲಕ ಹಾಕಿದ್ದೆ. ಅವನು ಬಾಗಿಲಿಗೆ ಎರಡು ಸಲ ಗುದ್ದಿದ. ಆಮೇಲೆ ಹಿಂದಿನ ಮೆಟ್ಟಿಲಲ್ಲಿ ದಡದಡ ಸದ್ದು. ಪಿಕಪ್ ನೋಡಲು ಓಡುತ್ತಿದ್ದ.

ಒಳಗೆ ಎಫುವಾ ಕ್ವಾನ್ಸಾ ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು. ಘಾನಾದವಳು, ವೃದ್ಧಾಶ್ರಮದಲ್ಲಿ ನರ್ಸಮ್ಮನ ಸಹಾಯಕಿ. ಗಂಡ ಲಾರಿ ಡ್ರೈವರ್, ಆ ವಾರ ಸಾವಿರ ಮೈಲಿ ದೂರದಲ್ಲಿದ್ದ. ಮಗುವಿನ ಹೆಸರು ಕೋಜೊ. ಎರಡು ವರ್ಷ, ಎರಡು ತಿಂಗಳು.

ಮತ್ತೊಂದು ಸಂಖ್ಯೆಯೂ ಇತ್ತು. ಹದಿನೆಂಟು. ಕೋಜೊನ ರಕ್ತದಲ್ಲಿ ಸೀಸ. ಇರಬೇಕಾದದ್ದು ಸೊನ್ನೆ. ಮಕ್ಕಳ ಮಿದುಳಿಗೆ ಅದು ವಿಷ.

"ಆಂಟಿ, ಹೊಡೆದನಾ?"

"ಇಲ್ಲಮ್ಮ. ಬರೀ ಮಾತು."

"ಆಂಟಿ, ನಮ್ಮೂರಲ್ಲಿ ದೊಡ್ಡವರ ಮೈ ಮುಟ್ಟಿದ್ರೆ ಬೀದಿಯ ಹೆಂಗಸರೆಲ್ಲ ಸೇರಿ ಸೌಟಲ್ಲಿ ಬಾರಿಸ್ತಾರೆ."

"ನಿನ್ನ ಸೌಟು ಎಲ್ಲಿ?"

"ಪ್ಯಾಕ್ ಆಗೋಯ್ತು."

ಹೌದು. ಅಡುಗೆಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಮಾಲೀಕ, ಕೋಲ್ಬಿಯ ಮಾವ, ಡರ್ಮಟ್ ಫೇಹಿ ಅಂದೇ ಮನೆ ಖಾಲಿ ಮಾಡಬೇಕೆಂದಿದ್ದ. ಮಧ್ಯಾಹ್ನ ಎರಡು ಗಂಟೆಗೆ ವಕೀಲ ಲಿಂಡಾಲ್‌ನ ಆಫೀಸಿನಲ್ಲಿ ಮಾರಾಟದ ರುಜು. ಮೂರೂ ಮಹಡಿ ಸೇರಿ ಇಡೀ ಮನೆ ಕೈ ಬದಲಾಗಲಿತ್ತು.

ಈ ಅವಸರ ಯಾಕೆ ಗೊತ್ತೇ? ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ಕಾನೂನು ಸರಳ. ಹಳೆಯ ಮನೆ, ಅದರಲ್ಲಿ ಆರು ವರ್ಷದೊಳಗಿನ ಮಗು. ಈ ಎರಡೂ ಒಟ್ಟಿಗಿದ್ದರೆ ಮಾಲೀಕ ಸೀಸ ತೆಗೆಸಲೇಬೇಕು. ಸೀಸ ತೆಗೆಸಲು ಮನಸ್ಸಿಲ್ಲದವರು ಮಗುವನ್ನೇ ಮನೆಯಿಂದ ತೆಗೆಸುತ್ತಾರೆ.

"ಗ್ರಾಫ್ಟನ್ ಹಿಲ್‌ನಲ್ಲಿ ಅವನದ್ದೇ ಇನ್ನೊಂದು ಮನೆ ಕೊಡ್ತಾನಂತೆ ಆಂಟಿ. ಇವತ್ತೇ ಹೋಗಬಹುದಂತೆ," ಎಂದಳು ಎಫುವಾ. "ಅಲ್ಲಿ ಸೀಸ ಇಲ್ಲ ಅಂತ ಕಾಗದ ಇದೆ ಅಂದ."

"ಈ ಮನೆಗೆ ಬರುವಾಗಲೂ ಕಾಗದ ತೋರಿಸಿದ್ನಾ?"

"ಹೂಂ. ಕಾಗದ ನೋಡದೆ ಬರ್ತೀನಾ? ಹೊಟ್ಟೇಲಿ ಮಗು ಇತ್ತು."

ಪೆಟ್ಟಿಗೆಯಿಂದ ತೆಗೆದು ಕೊಟ್ಟಳು. ಎರಡು ಹಾಳೆಯ ಕಾಗದ. ಮೊದಲ ಹಾಳೆ ಪ್ರಮಾಣಪತ್ರ. ವಿಳಾಸ ಇದೇ ಮನೆಯದು. ಮಹಡಿ: ಮೂರು. ಸೀಸದ ಅಪಾಯವಿಲ್ಲ.

ಕೆಳಗೆ ರುಜು...

ಆಲ್ಡೋನಾ ಯಾಂಕಸ್.

ನಾನು!

ಕಾಲ ಕೆಳಗಿನ ನೆಲ ಒಂದು ಗಳಿಗೆ ಆ ಕಟಕಟೆಯಂತೆಯೇ ಕರಕರ ಎಂದಿತು. ಈ ಹುಡುಗಿ ನನ್ನ ಹೆಸರನ್ನು ನಂಬಿ ಈ ಮನೆಗೆ ಬಂದಿದ್ದಳು. ನನ್ನ ಹೆಸರನ್ನು ನಂಬಿ ಮಗುವನ್ನು ಆ ಕಿಟಕಿಯ ಬಳಿ ನಿಲ್ಲಿಸಿದ್ದಳು.

ನೆನಪಾಯಿತು. ಒಂಬತ್ತು ವರ್ಷದ ಹಿಂದೆ ಫೇಹಿ ನನ್ನನ್ನು ಕರೆಸಿದ್ದ. ಅವನ ಮಗಳು ಹಸುಗೂಸಿನೊಂದಿಗೆ ಬಂದಿದ್ದಳು. ಅವನು ವಾಸವಿದ್ದ ನೆಲಮಟ್ಟದ ಮನೆ, ನಮ್ಮ ಲೆಕ್ಕದಲ್ಲಿ ಒಂದನೇ ಮಹಡಿ, ಅದನ್ನು ಮಾತ್ರ ಪೂರ್ತಿ ಶುಚಿ ಮಾಡಿಸಿದ್ದ. ಎಲ್ಲ ಕಿಟಕಿ ಹೊಸದು. ನಾನು ಪರೀಕ್ಷಿಸುವಾಗ ಬೆನ್ನಿಗೇ ನಿಂತು ಒಂದೊಂದು ಚೌಕಟ್ಟಿನ ಬಗ್ಗೆಯೂ ಕೇಳಿದ್ದ. ಮೊಮ್ಮಗಳೆಂದರೆ ಪ್ರಾಣ. ಒಳ್ಳೆಯ ಅಜ್ಜ ಎಂದುಕೊಂಡಿದ್ದೆ.

ಒಂದು ಎಂಬಲ್ಲಿ ಮೂರು ಎಂದು ತಿದ್ದಿದ್ದ. ಅಷ್ಟೇ.

ಗೊತ್ತಿಲ್ಲದವನ ತಪ್ಪಿಗೆ ಕ್ಷಮೆ ಉಂಟು. ಇವನು ಗೊತ್ತಿದ್ದವನು.

"ಆಂಟಿ... ಇದು ನಿಮ್ಮ ರುಜು ಅಲ್ವಾ?"

"ನಂದೇ. ಕಾಗದ ಮಾತ್ರ ನಂದಲ್ಲ."

ಎಫುವಾ ಮಗುವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿ ನನ್ನ ಮುಖವನ್ನೇ ನೋಡುತ್ತ ನಿಂತಳು. ಆ ನೋಟಕ್ಕಿಂತ ಕೋಲ್ಬಿಯ ಮುಷ್ಟಿ ಹಿತವಾಗಿತ್ತು.

ಜೇಬಿನಲ್ಲಿ ಸಣ್ಣ ಬಾಟಲಿಯಿತ್ತು. ಸೋಡಿಯಂ ಸಲ್ಫೈಡ್ ದ್ರಾವಣ, ಕೊಳೆತ ಮೊಟ್ಟೆಯ ನಾತ. ಸೀಸ ತಾಗಿದರೆ ಕಪ್ಪಾಗುತ್ತದೆ. ಯಂತ್ರ ಬರುವ ಮುಂಚೆ ನಮ್ಮ ಕೈಯಲ್ಲಿದ್ದದ್ದು ಇದೊಂದೇ. ಕಿಟಕಿಯ ಹಲಗೆ ನೋಡಿದೆ. ಹೊಸದಾಗಿ ಬಳಿದ ಬಿಳಿ ಬಣ್ಣ ಫಳಫಳ. ಅಂಚಿನಲ್ಲಿ ಸಣ್ಣ ಸಣ್ಣ ಗುರುತುಗಳು... ಹಲ್ಲಿನ ಗುರುತುಗಳು.

"ಕಸದ ಲಾರಿ ಬಂದ್ರೆ ಇಲ್ಲೇ ನಿಂತು ನೋಡ್ತಾನೆ," ಎಂದಳು ಎಫುವಾ. "ಗಲ್ಲ ಹಲಗೆ ಮೇಲಿಟ್ಕೊಂಡು."

ಸೀಸದ ಬಣ್ಣ ಸಿಹಿ. ಅದೇ ಅದರ ಹಲ್ಕಾತನ.

ಚಾಕುವಿನಿಂದ ಮರದವರೆಗೆ ಓರೆಯಾಗಿ ಕೊರೆದೆ. ಬಿಳಿ, ಕೆನೆ, ಹಸಿರು, ಮತ್ತೆ ಬಿಳಿ... ಮರದ ವಾರ್ಷಿಕ ಉಂಗುರಗಳಂತೆ ಪದರಗಳು. ಒಂದು ಹನಿ ಬಿಟ್ಟೆ.

ಕೆಳಗಿನ ನಾಲ್ಕು ಪದರಗಳು ಕಾಡಿಗೆಯಂತೆ ಕಪ್ಪಾದವು.

ನನ್ನಪ್ಪ ಪೇಂಟರ್. ನಲವತ್ತೈದಕ್ಕೆ ಸೀಸದ ವಿಷವೇರಿ ಅವನ ಎರಡೂ ಮಣಿಕಟ್ಟುಗಳು ಜೋತುಬಿದ್ದವು. ಚಮಚ ಹಿಡಿಯಲು ಬಾರದು. ಈ ಊರಿನ ಅರ್ಧ ಮನೆಗಳಿಗೆ ಅವನೇ ಬಣ್ಣ ಬಳಿದಿದ್ದ. ಅವನು ಬಳಿದದ್ದನ್ನು ಹುಡುಕುವುದರಲ್ಲೇ ನನ್ನ ಆಯುಷ್ಯ ಕಳೆದಿದೆ.

ಮುಂಬಾಗಿಲಿನಲ್ಲಿ ಕೀಲಿ ತಿರುಗಿತು.

ಡರ್ಮಟ್ ಫೇಹಿ. ಎಪ್ಪತ್ತೆರಡರ ಗಟ್ಟಿ ಮುದುಕ. ಇಸ್ತ್ರಿಯ ಅಂಗಿ, ಟೈ, ಹೊಳೆಯುವ ಬೂಟು. ಹಿಂದೆ ಕೋಲ್ಬಿ, ಕುಂಟುತ್ತ.

"ಆಲ್ಡೋನಾ! ಎಷ್ಟು ವರ್ಷ ಆಯ್ತು! ವಯಸ್ಸೇ ಆಗಿಲ್ವಲ್ಲ ನಿಂಗೆ."

"ನಿನ್ನ ಕಾಗದಕ್ಕೂ ಆಗಿಲ್ಲ ಡರ್ಮಟ್. ಒಂಬತ್ತು ವರ್ಷದಲ್ಲಿ ಎರಡು ಮಹಡಿ ಮೇಲಕ್ಕೆ ಹತ್ತಿದೆ."

ನಗು ಹಾಗೇ ಇತ್ತು. ಕಣ್ಣು ಮಾತ್ರ ಸತ್ತಿತು.

"ಕೆಳಗಿರೋ ರುಜು ಯಾರದು?"

"ನಂದು."

"ಹಂಗಾದ್ರೆ ಕೇಳು. ಕಾಗದ ಸುಳ್ಳು ಅಂತ ನೀನು ಬಾಯಿಬಿಟ್ರೆ, ನಾನು ಏನಂತೀನಿ ಗೊತ್ತಾ? ಹೆಂಗಸು ಬಂದ್ಲು, ಕೈ ಬಿಸಿ ಮಾಡ್ಕೊಂಡ್ಲು, ರುಜು ಹಾಕಿ ಹೋದ್ಲು ಅಂತೀನಿ. ನಿನ್ನ ಲೈಸೆನ್ಸ್ ಹೋಗತ್ತೆ. ನೀನು ಮುಟ್ಟಿದ ಪ್ರತಿ ಮನೇನೂ ಮತ್ತೆ ತಪಾಸಣೆ ಮಾಡಿಸ್ತಾರೆ. ಎಷ್ಟು ಮನೆ? ಎರಡು ಸಾವಿರ?"

"ಮೂರು."

"ನೋಡು ಮತ್ತೆ." ಎಫುವಾ ಕಡೆ ತಿರುಗಿದ. "ನೀನ್ಯಾಕಮ್ಮ ನಿಂತೆ? ಪೆಟ್ಟಿಗೆ ಇಳಿಸು. ನಿನಗೆ ಬೇರೆ ಮನೆ ಕೊಟ್ಟಿಲ್ವಾ? ಅಲ್ಲಿಗೂ ಕಾಗದ ಇದೆ."

"ಅದಕ್ಕೆ ಯಾರ ರುಜು ಸರ್?" ಎಂದಳು ಎಫುವಾ. ಮೆಲ್ಲಗೆ.

ಅವನು ಗಡಿಯಾರ ನೋಡಿದ. ಒಂದೂ ಇಪ್ಪತ್ತೈದು.

"ಕೋಲ್ಬಿ, ನಾನು ವಕೀಲರ ಹತ್ರ ಹೋಗ್ತೀನಿ. ಮೂರು ಗಂಟೆವರೆಗೂ ಈ ಹೆಂಗಸರು ಮೆಟ್ಟಿಲು ಇಳೀಬಾರದು. ಆಮೇಲೆ ಮನೆ ನಮ್ಮದಲ್ಲ, ತಲೆನೋವೂ ನಮ್ಮದಲ್ಲ."

ಅವನು ಹೊರಟ. ಕೋಲ್ಬಿ ಬಾಗಿಲ ಹೊರಗೆ ಮುಂದಿನ ಮೆಟ್ಟಿಲ ಮೇಲೆ ಕೂತ. ಹಿಂದಿನ ಮೆಟ್ಟಿಲ ಮಂಜಿನಲ್ಲಿ ಮಗು ಎತ್ತಿಕೊಂಡು ಯಾರು ಇಳಿದಾರು ಎಂದುಕೊಂಡಿರಬೇಕು. ಹೊರಗೆ ಹೋಗುವ ಮುಂಚೆ ನನ್ನ ಫೋನು, ಎಫುವಾಳ ಫೋನು ಎರಡನ್ನೂ ಕಿತ್ತು ಜೇಬಿಗೆ ಹಾಕಿಕೊಂಡಿದ್ದ.

ನನ್ನ ಮೂಲಪ್ರತಿ ಊರಾಚೆ ನನ್ನ ಮನೆಯ ಕಪಾಟಿನಲ್ಲಿತ್ತು. ತರಲು ಸಮಯವಿಲ್ಲ. ಕೈಯಲ್ಲಿದ್ದದ್ದು ಅವನ ಸುಳ್ಳು ಕಾಗದ ಮಾತ್ರ. ಎರಡನೇ ಹಾಳೆ ತಿರುವಿದೆ. ಅದು ಪಟ್ಟಿ. ಪರೀಕ್ಷಿಸಿದ ಒಂದೊಂದು ಬಾಗಿಲು, ಕಿಟಕಿ, ಗೋಡೆ. ಬೀದಿಯ ಕಡೆಯ ಗೋಡೆ ಎ, ಅಲ್ಲಿಂದ ಸುತ್ತಿಕೊಂಡು ಬಿ, ಸಿ, ಡಿ. ಹಾಗೆ ಬರೆಯುವುದು ನಮ್ಮ ಪದ್ಧತಿ.

ಕೊನೆಯ ಸಾಲಿಗೆ ಬಂದೆ.

ನಕ್ಕೆ.

"ಎಫುವಾ, ನಿನ್ನ ಅಡುಗೆಮನೆಗೆ ಎಷ್ಟು ಬಾಗಿಲು?"

"ಎರಡು. ಒಂದು ಹಾಲ್‌ಗೆ, ಇನ್ನೊಂದು ಹಿಂದಿನ ವರಾಂಡಕ್ಕೆ."

"ಇದರಲ್ಲಿ ಮೂರಿದೆ. ಕಾರಿನ ಕೀಲಿ ತಗೋ!"

ಹಿಂದಿನ ಮೆಟ್ಟಿಲು ಇಳಿದೆವು. ಮಂಜು ಕಟ್ಟಿದ ಮೆಟ್ಟಿಲು, ಎಫುವಾಳ ಸೊಂಟದಲ್ಲಿ ಮಗು, ಬೂಟು ಕೈಯಲ್ಲಿ. ಸದ್ದಾಗಬಾರದೆಂದು ಬರಿ ಕಾಲುಚೀಲದಲ್ಲೇ ಇಳಿದಳು. ಎರಡನೇ ಮಹಡಿ... ಒಂದನೇ ಮಹಡಿ... ಫೇಹಿಯ ಕಿಟಕಿಯಲ್ಲಿ ಇಣುಕಿದೆ. ಒಳಗೆ ಪೂರ್ತಿ ಖಾಲಿ. ಫ್ಲಾರಿಡಾಕ್ಕೆ ಹೋಗಲು ಸಾಮಾನೆಲ್ಲ ಆಗಲೇ ಸಾಗಿಸಿದ್ದ.

ಅಂಗಳಕ್ಕೆ ಕಾಲಿಟ್ಟಾಗ ಕೋಜೊ ಕೈ ಚಾಚಿ ಕೂಗಿದ.

"ಲಾಈ!"

ಪಿಕಪ್ ಕಂಡಿತ್ತು ಅವನಿಗೆ. ಮೇಲೆ ಬಾಗಿಲು ಧಡಾರೆಂದಿತು.

ಓಡಿದೆವು!

ಎಫುವಾಳ ಕಾರು ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ಕನ್ನಡಿಯಲ್ಲಿ ನೋಡಿದೆ. ಕೋಲ್ಬಿ ಪಿಕಪ್ಪಿನ ಹತ್ತಿರ ಬಂದ, ಹಿಮದಲ್ಲಿ ಬಿದ್ದಿದ್ದ ನನ್ನ ಯಂತ್ರ ಕಂಡ, ನಿಂತ. ದೂರದಿಂದ ಸುತ್ತು ಹಾಕಿ, ಉಸಿರು ಬಿಗಿಹಿಡಿದು ಒಳಗೆ ಹಾರಿದ. ಆ ಸುತ್ತಿನಲ್ಲಿ ನಮಗೆ ಅರ್ಧ ನಿಮಿಷ ಸಿಕ್ಕಿತು.

ವುಸ್ಟರ್ ಊರು ಗುಡ್ಡಗಳ ಊರು. ಇಳಿಜಾರು, ಮಂಜು, ಎರಡೂ ಬದಿ ಹಿಮದ ಗೋಡೆ. ಒಂದೇ ಕಾರು ತೂರುವಷ್ಟು ಜಾಗ. ಎದುರಿಗೆ ಅಂಚೆಯ ವ್ಯಾನ್ ಬಂತು. ಎಫುವಾ ಹಾರ್ನ್ ಒತ್ತಿ ಹಿಡಿದು ನುಗ್ಗಿಸಿದಳು. ಪಕ್ಕದ ಕನ್ನಡಿ ಹಾರಿಹೋಯಿತು!

"ಗಾಡಿ ಓಡಿಸೋದು ಎಲ್ಲಿ ಕಲಿತೆ?"

"ಅಕ್ರಾದಲ್ಲಿ, ಆಂಟಿ. ಅಲ್ಲಿ ಇದನ್ನ ನಿಧಾನ ಅಂತಾರೆ."

ಪಿಕಪ್ ನಮ್ಮ ಹಿಂದಿನ ಬಂಪರಿಗೆ ಒಮ್ಮೆ ಗುದ್ದಿತು. ಕೋಜೊ ಚಪ್ಪಾಳೆ ತಟ್ಟಿದ.

ವಕೀಲ ಲಿಂಡಾಲ್‌ನ ಆಫೀಸು ಒಂದು ಹಳೆಯ ಮನೆಯಲ್ಲಿತ್ತು. ನಿಲ್ಲಿಸಲು ಜಾಗವಿಲ್ಲ. ಇದ್ದದ್ದು ಒಂದೇ. ಯಾರೋ ಗುದ್ದಲಿ ಹಿಡಿದು ಹಿಮ ತೆಗೆದು ಮಾಡಿದ್ದ ಜಾಗ, ಮಧ್ಯದಲ್ಲಿ ಅಡುಗೆಮನೆಯ ಹಳೇ ಕುರ್ಚಿ. ತೋಡಿದವರದ್ದೇ ಜಾಗ ಎಂಬ ಗುರುತು ಅದು. ನಮ್ಮೂರಲ್ಲಿ ಆ ಕುರ್ಚಿ ಯಾರೂ ಮುಟ್ಟುವುದಿಲ್ಲ. ಯಾವ ಪುಸ್ತಕದಲ್ಲೂ ಬರೆದಿಲ್ಲ. ಆದರೂ ಮುಟ್ಟುವುದಿಲ್ಲ.

"ರಸ್ತೆ ಮಧ್ಯೆಯೇ ನಿಲ್ಲಿಸು," ಎಂದೆ. "ದಂಡ ನಾನು ಕಟ್ತೀನಿ."

ನಾವು ಇಳಿದು ಓಡಿದೆವು. ಕೋಲ್ಬಿಗೆ ದಾರಿಯಿಲ್ಲ. ಪಿಕಪ್ಪನ್ನು ಆ ಜಾಗಕ್ಕೆ ತಿರುಗಿಸಿದ. ಕುರ್ಚಿ ಪುಡಿ!

ಎದುರಿನ ಮನೆಯ ಬಾಗಿಲು ತೆರೆಯಿತು. ಗೌನು ತೊಟ್ಟ ಅಜ್ಜಿಯೊಬ್ಬಳು, ಕೈಯಲ್ಲಿ ಹಿಮದ ಸಲಿಕೆ. ಹಿಂದೆ ಇಬ್ಬರು ಗಂಡುಮಕ್ಕಳು. ಬಾಗಿಲು ತುಂಬುವ ಗಾತ್ರ.

"ಯಾವನೋ ಅವನು?! ನಾಲ್ಕು ಗಂಟೆ ಸೊಂಟ ಬಗ್ಗಿಸಿ ತೋಡಿದ್ದೀನಿ ಕಣೋ!"

ಮುಂದಿನದನ್ನು ನಾನು ನೋಡಲಿಲ್ಲ. ಕೇಳಿಸಿತು.

ಒಳಗೆ ಉದ್ದ ಮೇಜು. ಒಂದು ಕಡೆ ಫೇಹಿ, ಅವನ ಪಕ್ಕ ವಕೀಲ ಲಿಂಡಾಲ್. ಎದುರಿಗೆ ಬಿಳಿಗೂದಲಿನ ದಪ್ಪ ಹೆಂಗಸು, ಕೈಯಲ್ಲಿ ಪೆನ್ನು. ಒಡೆಟ್ ಲಾವಲೆ. ಜೀವಮಾನವೆಲ್ಲ ಹೆಂಗಸರ ತಲೆಗೂದಲು ಕತ್ತರಿಸಿ ಕೂಡಿಟ್ಟದ್ದನ್ನು ಮನೆಗೆ ಸುರಿಯಲು ಬಂದಿದ್ದವಳು.

"ಇದು ಖಾಸಗಿ ಸಭೆ!" ಫೇಹಿ ಎದ್ದ.

"ಯಾರು ನೀವು ಮೇಡಂ?" ಎಂದ ಲಿಂಡಾಲ್.

"ನಿಮ್ಮ ಮುಂದೆ ಇರೋ ಕಾಗದಕ್ಕೆ ರುಜು ಹಾಕಿದವಳು."

ಒಡೆಟ್ ಕನ್ನಡಕ ಸರಿಮಾಡಿಕೊಂಡಳು. "ಸೀಸ ಇಲ್ಲ ಅಂತ ಬರೆದವರಾ? ನಿಮ್ಮ ಹೆಸರು ನೋಡೇ ತಾಯಿ, ತಪಾಸಣೆಗೆ ಕೊಡೋ ಹತ್ತು ದಿನ ನನಗೆ ಬೇಡ ಅಂತ ಬರೆದುಕೊಟ್ಟೆ. ಇಲ್ಲದಿದ್ರೆ ಬೇರೆಯವರು ಹಾರಿಸ್ಕೊಂಡು ಹೋಗೋರು. ಮೂರನೇ ಮಹಡಿಗೆ ನನ್ನ ಮಗಳು, ಇಬ್ಬರು ಮೊಮ್ಮಕ್ಕಳು ಬರ್ತಾರೆ."

ಈಗಿನ ಹುಚ್ಚು ಅದು. ಮನೆ ಕೈತಪ್ಪೀತೆಂದು ತಪಾಸಣೆ ಬೇಡವೆನ್ನುವುದು. ಬದನೆಕಾಯಿ ಕೊಳ್ಳುವಾಗ ಒತ್ತಿ ನೋಡುವವರು ಮನೆ ಕೊಳ್ಳುವಾಗ ಕಣ್ಣು ಮುಚ್ಚುತ್ತಾರೆ.

"ಎರಡನೇ ಹಾಳೆಯ ಕೊನೇ ಸಾಲು ಓದಿ ವಕೀಲರೇ. ಜೋರಾಗಿ."

"ಆಲ್ಡೋನಾ, ನಿನ್ನ ಲೈಸೆನ್ಸ್..." ಎಂದ ಫೇಹಿ.

"ಜೋರಾಗಿ."

ಲಿಂಡಾಲ್ ಓದಿದ. "ಅಡುಗೆಮನೆ. ಡಿ ಗೋಡೆ. ನೆಲಮಾಳಿಗೆಗೆ ಇಳಿಯುವ ಬಾಗಿಲು. ಸೀಸ ಇಲ್ಲ."

"ಯಾವ ಮಹಡಿಯ ಅಡುಗೆಮನೆ?"

"ಮೂರ..."

ಅಲ್ಲಿಗೇ ನಿಂತ.

ಒಡೆಟ್ ಆ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಡರ್ಮಟ್," ಎಂದೆ, "ಮೂರನೇ ಮಹಡಿಯಿಂದ ನೆಲಮಾಳಿಗೆಗೆ ಬಾಗಿಲು. ಒಂದ್ಸಲ ತೆಗೆದು ಕಾಲಿಟ್ಟು ತೋರಿಸ್ತೀಯಾ?"

"ಟೈಪಿಂಗ್ ತಪ್ಪು! ನನಗೆ ಈ ಸೀಸ ಗೀಸ ಏನೂ ಗೊತ್ತಾಗಲ್ಲ..."

"ನಿನ್ನ ಮೊಮ್ಮಗಳಿಗೆ ಒಂದನೇ ಮಹಡಿಯ ಹನ್ನೊಂದು ಕಿಟಕಿ ಬದಲಾಯಿಸುವಾಗ ಗೊತ್ತಾಗಿತ್ತಲ್ಲ?"

ಫೇಹಿ ಮತ್ತೆ ಕುರ್ಚಿಯಲ್ಲಿ ಕೂತ.

ಆಗ ಎಫುವಾ ಮುಂದೆ ಬಂದಳು. ಒದ್ದೆ ಕಾಲುಚೀಲದಲ್ಲೇ ಇದ್ದಳು. ಕೋಜೊನನ್ನು ಮೇಜಿನ ಮೇಲೆ, ಕಾಗದಗಳ ಮಧ್ಯೆ, ಸೀದಾ ಫೇಹಿಯ ಮುಂದೆ ಕೂರಿಸಿದಳು.

"ಇವನ ರಕ್ತದಲ್ಲಿ ಹದಿನೆಂಟು ಇದೆ ಸರ್. ಹೋದ ವಾರ ಡಾಕ್ಟರಿಗೆ, ಇಪ್ಪತ್ತು ಮಾತು ಆಡ್ತಾನೆ ಅಂತ ಹೇಳಿದೆ. ಸಾಕಾಗಲ್ಲ ಅಂದ್ರು. ಇವನ ವಯಸ್ಸಿಗೆ ಐವತ್ತು ಇರ್ಬೇಕಂತೆ." ಮಗನ ಬೆನ್ನ ಮೇಲೆ ಕೈಯಿಟ್ಟಳು. "ಇವತ್ತು ನನ್ನ ಮಗ ಎಲ್ಲಿ ಮಲಗ್ಬೇಕು? ನೀವೇ ಹೇಳಿ."

ಕೋಜೊ ಫೇಹಿಯ ಟೈ ಹಿಡಿದು ಬಾಯಿಗೆ ಇಟ್ಟುಕೊಳ್ಳಲು ಎಳೆದ. ಮುದುಕ ಮುಖ ತಿರುಗಿಸಿದ.

ಒಡೆಟ್ ಪೆನ್ನಿನ ಮುಚ್ಚಳ ಹಾಕಿದಳು. ಟಕ್ ಎಂದಿತು.

"ನಲವತ್ತು ವರ್ಷ ಹೆಂಗಸರ ತಲೆಗೆ ಬಣ್ಣ ಹಾಕಿದ್ದೀನಿ ಮಿಸ್ಟರ್ ಫೇಹಿ. ಕೆಳಗಿರೋದು ಯಾರಿಗೂ ಕಾಣಲ್ಲ ಅಂತ ಎಲ್ಲರೂ ಅಂದ್ಕೋತಾರೆ. ಮೂರು ವಾರ. ಅಷ್ಟೇ ಅದರ ಆಯುಷ್ಯ." ಎದ್ದಳು. ಹೋಗುವ ಮುಂಚೆ ಕೋಜೊನ ಕೆನ್ನೆ ಸವರಿದಳು.

ಫೇಹಿ ಅವಳ ಹಿಂದೆ ಹೋಗಲು ಎದ್ದ. ಲಿಂಡಾಲ್ ಅವನ ತೋಳು ಹಿಡಿದು ಕೂರಿಸಿದ.

"ಡರ್ಮಟ್, ಇನ್ನೊಂದೇ ಒಂದು ಮಾತೂ ಆಡ್ಬೇಡ." ಹಾಗೆಂದು ತನ್ನ ಕುರ್ಚಿಯನ್ನು ಒಂದು ಗೇಣು ಆಚೆಗೆ ಸರಿಸಿಕೊಂಡ. ವಕೀಲರು ಹಾಗೆ ಕುರ್ಚಿ ಸರಿಸಿದಾಗ, ಕಕ್ಷಿಗಾರ ಮುಳುಗಿದ ಎಂದೇ ಅರ್ಥ.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಮೂಲಪ್ರತಿ ಸರ್ಕಾರದ ಕೈ ಸೇರಿತು. ಗ್ರಾಫ್ಟನ್ ಹಿಲ್‌ನ ಮನೆಯ ಕಾಗದವೂ ಅಂಥದ್ದೇ ಎಂದು ಗೊತ್ತಾಯಿತು. ನನ್ನ ಮೂರು ಸಾವಿರ ರುಜುಗಳನ್ನೂ ಕೆದಕಿ ನೋಡಿದರು. ನಾನೇ ನೋಡಿ ಎಂದಿದ್ದೆ. ಲೈಸೆನ್ಸ್ ಉಳಿಯಿತು. ಕೋಜೊನ ಹದಿನೆಂಟು ಎರಡು ತಿಂಗಳಲ್ಲಿ ಹನ್ನೊಂದಾಯಿತು, ಬೇಸಗೆಗೆ ಏಳು. ಬಾರದೆ ಉಳಿದ ಮಾತುಗಳೆಲ್ಲ ಬರುತ್ತವೆಯೇ? ಡಾಕ್ಟರು ಕಾದು ನೋಡೋಣ ಎನ್ನುತ್ತಾರೆ. ಎಫುವಾ ಕಾಯುವವಳಲ್ಲ. ದಿನಕ್ಕೊಂದು ಹೊಸ ಮಾತು ಕಲಿಸುತ್ತಾಳೆ.

ಆದರೆ ಆ ಮಧ್ಯಾಹ್ನ ಅವಳ ಪ್ರಶ್ನೆ ಇನ್ನೂ ಮೇಜಿನ ಮೇಲೆ ಕೂತಿತ್ತು.

"ಕೆಲಸ ಮುಗಿಯೋವರೆಗೆ ಸೀಸವಿಲ್ಲದ ಜಾಗ ಕೊಡೋದು ಮಾಲೀಕನ ಹೊಣೆ," ಎಂದ ಲಿಂಡಾಲ್, ಚಾವಣಿ ನೋಡುತ್ತ. "ಹೋಟೆಲ್ ನೋಡೋಣ..."

"ಹೋಟೆಲ್ ಯಾಕೆ?" ಎಂದೆ. "ಅದೇ ಮನೆಯ ಒಂದನೇ ಮಹಡಿ ಖಾಲಿ ಇದೆ. ಇವತ್ತೇ ಇನ್ನೊಮ್ಮೆ ಪರೀಕ್ಷೆ ಮಾಡಿಕೊಡ್ತೀನಿ. ಹನ್ನೊಂದು ಹೊಸ ಕಿಟಕಿ. ಕಸದ ಲಾರಿಯೂ ಹತ್ತಿರದಿಂದ ಕಾಣತ್ತೆ."

ಎಫುವಾ ಮೊದಲ ಸಲ ನಕ್ಕಳು.

ಫೇಹಿ ಮೇಜು ಗುದ್ದಿದ. "ಅದು ನಾನಿರೋ ಮನೆ! ಮಾರಾಟ ಆಗ್ದೆ ಫ್ಲಾರಿಡಾಕ್ಕೂ ಹೋಗೋ ಹಾಗಿಲ್ಲ! ನಾನೆಲ್ಲಿ ಮಲಗ್ಲಿ?"

"ಮೂರನೇ ಮಹಡಿ ಖಾಲಿ ಆಯ್ತಲ್ಲ," ಎಂದೆ. "ನಿಂಗೆ ಆರು ವರ್ಷ ತುಂಬಿದೆ ತಾನೇ?"